ಅತ್ತಿಗೆಗೆ ಫೋನು

ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ಕನ್ನಡಿಯಲ್ಲಿ ಕಂಡದ್ದು ತನ್ನ ಮುಖವಲ್ಲ, ಸಾಹೇಬರ ಮುಖ. ಇದರಲ್ಲಿ ಪವಾಡವೇನೂ ಇರಲಿಲ್ಲ. ಕೆಳತುಟಿಯನ್ನು ಒಂದಿಷ್ಟು ಮುಂದೆ ಚಾಚಿ, ಎಡ ಹುಬ್ಬನ್ನು ಎತ್ತಿ, ಮಾತಿಗೆ ಮುಂಚೆ ಗಂಟಲಲ್ಲಿ ಮರದ ಪೆಟ್ಟಿಗೆ ಎಳೆದಂತೆ ಒಂದು 'ಹ್ಹರ್ರ್' ಹೊರಡಿಸಿದರೆ ಸಾಹೇಬರು ತಯಾರು. ಕಚೇರಿಯಲ್ಲಿ ಚಹಾದ, ಊಟದ ಹೊತ್ತಿಗೆಲ್ಲ ಎಷ್ಟೋ ವರ್ಷಗಳಿಂದ ಅವನು ನಡೆಸಿಕೊಂಡು ಬಂದಿದ್ದ ಸೇವೆ ಅದು. ಇವತ್ತು ಮಾತ್ರ ಅವನು ಕರೆದಿರಲಿಲ್ಲ, ಅವರಾಗಿಯೇ ಬಂದಿದ್ದರು. ಬಾಯಿ ಮುಕ್ಕಳಿಸಿದ, ಮುಖಕ್ಕೆ ನೀರು ಹಾಕಿಕೊಂಡ, ಟವೆಲಿನಿಂದ ಗಟ್ಟಿಯಾಗಿ ಒರೆಸಿದ. ಸಾಹೇಬರು ಹೋಗಲಿಲ್ಲ. ನಿನ್ನೆ ಸಂಜೆ ಚೀಲ ಹೆಗಲಿಗೇರಿಸುವ ಹೊತ್ತಿಗೆ ಸರಿಯಾಗಿ ಜವಾನ ಬಂದು, "ನಾಳೆ ಊಟಕ್ಕೆ ಮುಂಚೆ ನಿಮ್ಮನ್ನ ಒಳಗೆ ಬರಹೇಳಿದ್ದಾರೆ. ಬಾಗ್ಲು ಹಾಕ್ಕೊಂಡು ಮಾತಾಡ್ಬೇಕಂತೆ" ಎಂದು, ಮರಣವಾರ್ತೆ ತಂದವನು ಕೂರಲೋ ನಿಲ್ಲಲೋ ಎಂದು ನೋಡುವ ಹಾಗೆ ನೋಡಿ ಹೋಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ಮುಟ್ಟಿ ಮುಟ್ಟಿ ಇವನ ಹೆಗಲೇ ಬೆಳಗಾಗುವುದರೊಳಗೆ ನೋಯತೊಡಗಿತ್ತು.

ಅದರಲ್ಲೂ 'ಮಾತಾಡ್ಬೇಕಂತೆ' ಎಂಬ ಪದದಲ್ಲಿ ಒಂದು ಕುಹಕವಿತ್ತು. ಸಾಹೇಬರಿಗೆ ಈಗ ಮಾತೇ ಇರಲಿಲ್ಲ. ಅವರ ಗಂಟಲಲ್ಲಿ ಮೆಣಸಿನ ಕಾಳಿನಷ್ಟು ಗಂಟೊಂದು ಬೆಳೆದಿತ್ತಂತೆ. ಅದನ್ನು ಕೊಯ್ದು ತೆಗೆದ ವೈದ್ಯರು, ಕೆಟ್ಟದ್ದೇನಲ್ಲ, ಆದರೆ ನಾನು ಹೇಳುವವರೆಗೆ ಒಂದಕ್ಷರ ಆಡಕೂಡದು, ಪಿಸುಮಾತಂತೂ ಇನ್ನೂ ಕೂಡದು ಎಂದಿದ್ದರು. ಹೀಗಾಗಿ ಗಂಟಲಿನ ಗಂಟು ಹೋಗಿ ಮೇಜಿನ ಮೇಲೆ ಗಂಟೆ ಬಂದಿತ್ತು: ಒಮ್ಮೆ ಒತ್ತಿದರೆ ಜವಾನ, ಎರಡು ಸಲ ಒತ್ತಿದರೆ ಉಗ್ರಾಣದವನು, ಒತ್ತುತ್ತಲೇ ಇದ್ದರೆ ಸಾಹೇಬರಿಗೆ ಸಿಟ್ಟು ಬಂದಿದೆ ಎಂದರ್ಥ. ಮಿಕ್ಕಿದ್ದನ್ನೆಲ್ಲ ನೀಲಿ ಪೆನ್ಸಿಲಿನಲ್ಲಿ ಚೀಟಿ ಬರೆದು ತಳ್ಳುತ್ತಿದ್ದರು. ಮೌನ ಬಂಗಾರ ಎಂದು ಗೋಡೆಯ ಮೇಲೆ ತೂಗುಹಾಕಿಕೊಂಡು ಹಗಲಿಡೀ ಕೂಗಾಡುತ್ತಿದ್ದವರಿಗೆ ಕೊನೆಗೂ ಬಂಗಾರ ಸಿಕ್ಕಿತು ಎಂದು ಅವನೇ ಮೊನ್ನೆ ಚಹಾದ ಹೊತ್ತಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

"ಈ ಅಂಗಿಗೆ ಗುಂಡಿ ಇಲ್ಲ. ಬೇರೆ ಹಾಕ್ಕೊಳ್ತೀರೋ ಹೊಲಿದು ಕೊಡ್ಲೋ?" ಎಂದಳು ಹೆಂಡತಿ.

ಅವನು ಹವಾಮಾನ ವರದಿ ಓದುವ ಹೆಂಗಸಿನ ದನಿಯಲ್ಲಿ, "ಕುತ್ತಿಗೆ ಭಾಗದಲ್ಲಿ ತಂಪು ಗಾಳಿ ಬೀಸುವ ಸಾಧ್ಯತೆಯಿದ್ದು, ಸಾರ್ವಜನಿಕರು..." ಎಂದು ಶುರುಮಾಡಿದ.

"ಕೇಳಿದ್ದು ನಿಮ್ಮನ್ನ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಇದೇ ಹೆಂಗಸಿನ ದನಿಗೆ ಬಿದ್ದು ಬಿದ್ದು ನಕ್ಕು, ಹೊಟ್ಟೆ ಹಿಡಿದುಕೊಂಡು, ಸಾಕು ಮಾರಾಯ್ರೇ ಎಂದು ಕಾಲಿಗೆ ಬೀಳುವುದೊಂದು ಬಾಕಿ ಉಳಿಸಿದ್ದವಳು. ಜಗಳವಾಡಿದಾಗ ಅವನು ಅವಳಪ್ಪನ ದನಿಯಲ್ಲಿ ಬುದ್ಧಿ ಹೇಳುತ್ತಿದ್ದ, ತಪ್ಪು ತನ್ನದಾದಾಗ ಮಗುವಿನ ದನಿಯಲ್ಲಿ ಕ್ಷಮೆ ಕೇಳುತ್ತಿದ್ದ. ಯಾವತ್ತೋ ಒಂದು ದಿನ ಅವಳು ಲೆಕ್ಕ ಹಾಕಿದ್ದಿರಬೇಕು, ಈ ಮನೆಯಲ್ಲಿ ತನ್ನ ಕ್ಷಮೆ ಕೇಳದೆ ಉಳಿದವನು ಗಂಡನೊಬ್ಬನೇ ಎಂದು. ಗುಂಡಿ ಹೊಲಿಯುವಾಗ ಅವಳ ಬೆರಳು ಅವನ ಗಂಟಲಿಗೆ ತಾಗಿತು. ಸಾಹೇಬರ ಆಪರೇಷನ್ ನೆನಪಾಗಿ ಅವನು ಎಂಜಲು ನುಂಗಿದ. "ಅಲ್ಲಾಡ್ಬೇಡಿ, ಚುಚ್ಚುತ್ತೆ," ಎಂದಳು. ಇವತ್ತು ನನ್ನನ್ನು ಸಾಹೇಬರು ಕರೆದಿದ್ದಾರೆ, ಭಯವಾಗುತ್ತಿದೆ ಎಂದು ಹೇಳಬೇಕೆನಿಸಿತು. ಯಾರ ದನಿಯಲ್ಲಿ ಹೇಳುವುದೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಅವಳು ದಾರವನ್ನು ಹಲ್ಲಿನಿಂದ ಕಡಿದಾಗಿತ್ತು.

ಹೊರಗೆ ಪಕ್ಕದ ಮನೆಯ ನಿವೃತ್ತರು ಪೊರಕೆ ಹಿಡಿದು ಕಾದಿದ್ದರು. ಎಲೆ ಉದುರುವ ಕಾಲ ಬಂದರೆ ಅವರಿಗೆ ಮತ್ತೆ ನೌಕರಿ ಸಿಕ್ಕಂತೆ. ಮರ ಇವನ ಅಂಗಳದ್ದು, ಗಾಳಿ ದೇವರದ್ದು, ಎಲೆ ಮಾತ್ರ ನಿವೃತ್ತರ ಪಾಲಿಗೆ. "ನಿಮ್ಮ ಎಲೆಗಳು ರಾತ್ರಿ ನಮ್ಮನೇಲೇ ಮಲಗಿದ್ವು," ಎಂದರು ಅವರು. "ಕಾಫಿ ಕೊಟ್ಟು ಕಳಿಸ್ಬೇಕೋ ಹಾಗೇ ಕಳಿಸ್ಬೇಕೋ ಗೊತ್ತಾಗ್ಲಿಲ್ಲ." ಬೇರೆ ದಿನವಾಗಿದ್ದರೆ ಅವನು ಇದಕ್ಕೆ ತಕ್ಕ ಉತ್ತರ ಕೊಟ್ಟು, ಸಂಜೆಯ ಹೊತ್ತಿಗೆ ಅವರ ಮೂಗುದನಿಯನ್ನೂ ಪೊರಕೆ ಕುಟ್ಟುವ ಗತ್ತನ್ನೂ ಸೇರಿಸಿ ಒಂದು ಐಟಂ ಕಟ್ಟುತ್ತಿದ್ದ. ಇವತ್ತು, "ಸಂಜೆ ಗುಡಿಸ್ತೀನಿ ಸಾರ್," ಎಂದುಬಿಟ್ಟ. ಹಾಗೆಂದವನ ದನಿ ತೀರ ಸಪ್ಪೆಯಾಗಿ, ಉಪ್ಪಿಲ್ಲದ ಗಂಜಿಯ ಹಾಗೆ, ಕೇಳಿದ ನಿವೃತ್ತರೇ ಗಾಬರಿಯಾಗಿ, "ಮೈ ಹುಷಾರಾಗಿದೆ ತಾನೆ?" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ಶಿಕ್ಷೆಗಳನ್ನು ಒಂದೊಂದಾಗಿ ಹಾಕಿಕೊಂಡು ನೋಡಿದ, ಅಂಗಡಿಯಲ್ಲಿ ಅಂಗಿ ಹಾಕಿಕೊಂಡು ನೋಡುವ ಹಾಗೆ. ವರ್ಗಾವಣೆ ತೋಳಲ್ಲಿ ಬಿಗಿ. ಬಡ್ತಿ ತಪ್ಪುವುದು ಸರಿಯಾಗಿ ಕೂರುತ್ತದೆ, ಹಳೆಯ ಅಳತೆ. ಆದರೆ ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸಾಹೇಬರು ಚೀಟಿಯಲ್ಲಿ ಎರಡೇ ಪದ ಬರೆದು ತಳ್ಳುವುದು: 'ಮಾಡಿ ತೋರಿಸಿ.' ಸಾಹೇಬರ ಎದುರಿಗೆ ಸಾಹೇಬರನ್ನು ಮಾಡುವುದು. ಮುಂದಿನ ಸೀಟಿನ ಹುಡುಗಿ ತೆಗೆದು ಪಕ್ಕಕ್ಕಿಟ್ಟಿದ್ದ ಉಣ್ಣೆಯ ಟೋಪಿಯ ಮೇಲೆ ಒಂದು ಹಳದಿ ಎಲೆ ಅಂಟಿಕೊಂಡಿತ್ತು. ತೆಗೆಯಲೇ ಬೇಡವೇ ಎಂದು ಯೋಚಿಸುತ್ತಿರುವಾಗಲೇ ಅವಳು ಇಳಿದು ಹೋದಳು, ಟೋಪಿಯನ್ನು ಸೀಟಿನಲ್ಲೇ ಬಿಟ್ಟು. ನೋಡಿದನಾದರೂ ಕೂಗಿ ಕರೆಯಲಿಲ್ಲ. ನಾಳೆಗೆ ಅದು ಹೇಗೂ ತನ್ನ ಮೇಜಿಗೇ ಬರುತ್ತದೆ ಎಂಬುದು ಅವನ ವೃತ್ತಿಯ ಸಮಾಧಾನ.

ಏಕೆಂದರೆ ಅವನಿದ್ದದ್ದು ಬಸ್ಸುಗಳಲ್ಲಿ ಜನ ಮರೆತು ಹೋದದ್ದನ್ನೆಲ್ಲ ತಂದು ಕೂಡಿಡುವ ವಿಭಾಗದಲ್ಲಿ. ಮೂರು ಕೋಣೆ: ಎದುರಿಗೆ ಕೌಂಟರು, ಹಿಂದೆ ಉಗ್ರಾಣ, ನಡುವೆ ಪ್ಲೈವುಡ್ಡಿನ ಗೋಡೆ ಕಟ್ಟಿ ಮಾಡಿದ ಸಾಹೇಬರ ಕೋಣೆ. ಬಂದ ವಸ್ತುವಿಗೆ ದಾರ ಕಟ್ಟಿ, ಬಸ್ಸಿನ ಮಾರ್ಗ ಬರೆದು, ಕಪಾಟಿಗೇರಿಸುವುದು ಅವನ ಕೆಲಸ. ಜನ ಏನನ್ನು ಮರೆಯುವುದಿಲ್ಲ ಎಂದು ಕೇಳಬೇಕು. ಛತ್ರಿ ಬಿಡಿ, ಛತ್ರಿಯನ್ನು ಮರೆಯುವುದಕ್ಕೆಂದೇ ಕೊಳ್ಳುತ್ತಾರೆ. ಒಂಟಿ ಕೈಗವಸು, ಒಂಟಿ ಚಪ್ಪಲಿ (ಇನ್ನೊಂದು ಕಾಲು ಹೇಗೆ ನಡೆದು ಹೋಯಿತು?), ಹುಟ್ಟುಹಬ್ಬದ ಕೇಕು, ಒಂದು ಸಲ ಗಾಜಿನ ಲೋಟದಲ್ಲಿ ಹಲ್ಲಿನ ಸೆಟ್ಟು. ಅದರ ಒಡೆಯರು ಬಂದು ಬರಿ ಬಾಯಲ್ಲಿ, "ನನ್ನ ಅಲ್ಲು," ಎಂದಾಗ ಕೌಂಟರಿನಾಕೆ, "ಗುರುತು ಹೇಳಿ," ಎಂದು ಕೇಳಿದ್ದಳು. ಅವರು ಪಾಪ ಸುಮ್ಮನೆ ನಕ್ಕು ತೋರಿಸಿದ್ದರು. ವರ್ಷಕ್ಕೊಮ್ಮೆ ಎಲೆ ಉದುರುವ ಕಾಲದಲ್ಲಿ, ಯಾರೂ ಕೇಳದೆ ಉಳಿದದ್ದನ್ನೆಲ್ಲ ಹರಾಜು ಹಾಕುತ್ತಿದ್ದರು. ಕಳೆದುಹೋದ ವಸ್ತುಗಳ ವಿಭಾಗದ ಮುಖ್ಯಸ್ಥರೇ ದನಿ ಕಳೆದುಕೊಂಡರೆ ದಾರ ಎಲ್ಲಿಗೆ ಕಟ್ಟುವುದು ಎಂಬುದೂ ಅವನದೇ ಜೋಕು. ಎರಡನೆಯ ಸಲ ಹೇಳಿದಾಗಲೂ ನಕ್ಕಿದ್ದರು.

"ಏನೋ ರೇಡಿಯೊ, ಬೆಳಿಗ್ಗೆಯಿಂದ ಬಂದ್ ಆಗಿದ್ದೀಯ? ಬ್ಯಾಟರಿ ಹೋಯ್ತಾ?" ಎಂದ ಉಗ್ರಾಣದವನು. ಕಚೇರಿಯಲ್ಲಿ ಅವನ ಹೆಸರು ಅದೇ.

"ಸಾಹೇಬ್ರು ಕರೆದಿದ್ದಾರಂತಲ್ಲ, ಅದಕ್ಕೇ ಸ್ಟೇಷನ್ ಬಂದ್," ಎಂದಳು ಕೌಂಟರಿನಾಕೆ. ಅವಳಿಗೆ ಗೊತ್ತಿಲ್ಲದ್ದು ಆ ಕಟ್ಟಡದಲ್ಲಿ ನಡೆಯುತ್ತಿರಲಿಲ್ಲ. "ಹೆದರ್ಕೋಬೇಡ. ಬೈಯೋದಕ್ಕೆ ಬಾಯಿ ಬೇಕಲ್ಲ. ಚೀಟೀಲಿ ಎಷ್ಟು ಅಂತ ಬೈತಾರೆ?"

"ಒಂದ್ಸಲ ಅತ್ತಿಗೆ ಐಟಂ ಮಾಡಿಬಿಡು, ಧೈರ್ಯ ಬರುತ್ತೆ," ಎಂದ ಉಗ್ರಾಣದವನು, ಆಗಲೇ ಅರ್ಧ ನಗುತ್ತ.

ಅತ್ತಿಗೆ ಐಟಂ ಅವನ ಬತ್ತಳಿಕೆಯ ಬ್ರಹ್ಮಾಸ್ತ್ರ. ದಿನಾ ಊಟದ ಬಿಡುವಿಗೆ ಸ್ವಲ್ಪ ಮುಂಚೆ ಸಾಹೇಬರು ಬಾಗಿಲು ಹಾಕಿಕೊಂಡು ತಮ್ಮ ಅತ್ತಿಗೆಗೆ ಫೋನು ಮಾಡುತ್ತಿದ್ದರು. ಮಾಡುತ್ತಿದ್ದರು ಎಂದರೆ ಸಾಲದು. ಆ ಊರಿಗೆ ಫೋನಿಲ್ಲದಿದ್ದರೂ ಕೇಳಿಸುವಷ್ಟು ಕೂಗುತ್ತಿದ್ದರು. 'ಅತ್ತಿಗೇ, ಊಟ ಆಯ್ತಾ? ಊಟಾ! ಮಂಡಿ ಹೇಗಿದೆ? ಮಂಡೀ! ಎಣ್ಣೆ ತಿಕ್ಕಿಸ್ಕೊಂಡ್ರಾ? ಎಣ್ಣೇ!' ಎಂದು ಪ್ರತಿಯೊಂದನ್ನೂ ಎರಡೆರಡು ಸಲ. ಅಣ್ಣನ ಸುದ್ದಿ ಎಂದೂ ಇಲ್ಲ, ಮಕ್ಕಳ ಸುದ್ದಿ ಇಲ್ಲ. ಸ್ವಂತ ಹೆಂಡತಿಗೆ ಯಾವತ್ತೂ ಫೋನು ಮಾಡಿದ್ದು ಕಾಣದ ಮನುಷ್ಯನಿಗೆ ಅತ್ತಿಗೆಯ ಮಂಡಿಯ ಮೇಲೆ ಎಂಥ ಕಾಳಜಿ ಎಂದು ಮೊದಲು ಕಣ್ಣು ಮಿಟುಕಿಸಿದ್ದು ಕೌಂಟರಿನಾಕೆ. ಅಲ್ಲಿಂದಾಚೆಗೆ ಕಲಾವಿದನ ಕೆಲಸ. ಅವನು ಆ ಮಾತುಗಳನ್ನು ಇದ್ದ ಹಾಗೆಯೇ ಇಟ್ಟು, ಕೊನೆಗೆ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಮೂಗಿನ ತುದಿಯಲ್ಲಿ ಬೆಣ್ಣೆ ಕರಗಿಸಿದ ಹಾಗೆ, 'ಭಾನುವಾರ ನಾನೇ ಬಂದು ತಿಕ್ಕಿಕೊಡ್ಲಾ?' ಎಂದು ಸೇರಿಸಿದ್ದ. ಇದು ಸಾಹೇಬರು ಯಾವತ್ತೂ ಆಡಿದ್ದು ಯಾರೂ ಕೇಳದ ಮಾತು, ಅವನ ಸ್ವಂತ ಕೊಡುಗೆ. ಅದಕ್ಕೇ ಅದರಷ್ಟು ನಗು ಮಿಕ್ಕ ಯಾವುದಕ್ಕೂ ಬರುತ್ತಿರಲಿಲ್ಲ. ಕಳೆದ ವರ್ಷ ಇದೇ ಹರಾಜಿನ ದಿನಗಳಲ್ಲಿ ಸಾಹೇಬರ ದನಿಯ ಅಂಚು ಹರಿದು 'ಹ್ಹರ್ರ್' ಕಾಣಿಸಿಕೊಂಡಾಗ, ಮೊದಲು ಗುರುತಿಸಿದವನೂ ಅವನೇ. ಅವರ ಹೆಂಡತಿಗಿಂತ ಮೊದಲು, ವೈದ್ಯರಿಗಿಂತ ಎಷ್ಟೋ ತಿಂಗಳು ಮೊದಲು. ಗುರುತಿಸಿ ಮಾಡಿದ್ದೇನು? ಮಾರನೆಯ ದಿನವೇ ಐಟಮಿಗೆ ಸೇರಿಸಿಕೊಂಡಿದ್ದ. ಹೊಸ ಸರಕು ಎಂದು ಎಲ್ಲರೂ ಮೆಚ್ಚಿದ್ದರು.

ಒಳಗಿನ ಗಂಟೆ ಬಾರಿಸಿತು. ಜವಾನ ಹೋಗಿ ಬಂದು ಗದ್ದದಿಂದ ಅವನತ್ತ ತೋರಿಸಿದ.

ಸಾಹೇಬರು ಕುತ್ತಿಗೆಗೆ ಮಫ್ಲರು ಸುತ್ತಿ ಕೂತಿದ್ದರು. ಶಬ್ದ ತೆಗೆದರೆ ಮನುಷ್ಯ ಎಷ್ಟು ಚಿಕ್ಕವನಾಗುತ್ತಾನೆ ಎಂದು ಅವನಿಗೆ ಆಶ್ಚರ್ಯವಾಯಿತು. ಕುರ್ಚಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಕೂರುವಂತೆ ಸನ್ನೆ ಮಾಡಿದರು. ಮೊದಲ ಚೀಟಿ ಬರೆದೇ ಇಟ್ಟಿದ್ದರು, ಮೇಜಿನ ಮೇಲೆ ಜಾರಿಸಿದರು: 'ನನ್ನ ದನಿ ಮಾಡುತ್ತೀರಲ್ಲ.' ಪ್ರಶ್ನೆಚಿಹ್ನೆ ಇರಲಿಲ್ಲ.

"ಅಯ್ಯೋ ಇಲ್ಲ ಸಾರ್, ಯಾರು ಹೇಳಿದ್ದು? ನಾನ್ಯಾಕೆ ಸಾರ್ ನಿಮ್ಮ..."

ನೀಲಿ ಪೆನ್ಸಿಲು ಓಡಿತು. 'ಗೋಡೆ ಪ್ಲೈವುಡ್ಡು. ನಿಮಗೆ ಕೇಳಿಸಿದರೆ ನನಗೂ ಕೇಳಿಸುತ್ತದೆ.'

ಇಷ್ಟು ಸರಳವಾದ ಸಂಗತಿ ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಗೋಡೆಗೂ ಕಿವಿಯಿದೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆ ಕಿವಿ ಎರಡೂ ಕಡೆಗಿರುತ್ತದೆ ಎಂದು ಗಾದೆಯಲ್ಲಿ ಹೇಳಿಲ್ಲ. ಅವನು ಇಂಗು ತಿಂದ ಮಂಗನಂತೆ ಕೂತ. ಎಷ್ಟು ಕೇಳಿಸಿದೆ? ಕೂಗಿದ ಭಾಗ ಮಾತ್ರವೋ? ದನಿ ತಗ್ಗಿಸಿ ಹೇಳಿದ ಕೊನೆಯ ಸಾಲೂ?

ಮೂರನೆಯ ಚೀಟಿ ಬರಲು ಹೊತ್ತು ಹಿಡಿಯಿತು. 'ಅತ್ತಿಗೆಗೆ ಫೋನು ಮಾಡಬೇಕು. ಪ್ರವಾಸ ಹೋಗುತ್ತಿದ್ದೇನೆ, ಅಲ್ಲಿ ಫೋನು ಸಿಗುವುದಿಲ್ಲ ಎಂದು ಹೇಳಿದ್ದೆ. ಇವತ್ತು ವಾಪಸು ಬಂದಿರಬೇಕು. ಆಪರೇಷನ್ ವಿಷಯ ಅವರಿಗೆ ಗೊತ್ತಾಗಬಾರದು. ನನ್ನ ದನಿಯಲ್ಲಿ ನೀವು ಮಾತಾಡಿ. ಜೋರಾಗಿ. ಅವರಿಗೆ ಕಿವಿ ಮಂದ.'

ಅವನು ಓದಿದ. ಇನ್ನೊಮ್ಮೆ ಓದಿದ. ಭಯ ಇಳಿದ ಜಾಗದಲ್ಲಿ ಏನೋ ಗುಳುಗುಳು ಎನ್ನತೊಡಗಿತು. ವರ್ಗಾವಣೆ ಇಲ್ಲ, ಶಿಕ್ಷೆ ಇಲ್ಲ, ಬದಲಿಗೆ ಬಡ್ತಿ! ಪ್ರೇಮ ಪ್ರಕರಣದ ದೂತನಾಗಿ ನೇಮಕ! ಸಾಹೇಬರೇ ಕೈಯಾರೆ ಬ್ರಹ್ಮಾಸ್ತ್ರಕ್ಕೆ ಮದ್ದು ತುಂಬಿಕೊಡುತ್ತಿದ್ದಾರೆ. ಆ ಹೆಂಗಸಿನ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಚಹಾದ ಹೊತ್ತಿಗೆ ಇಬ್ಬರ ಸಂಭಾಷಣೆಯೂ ತಯಾರು. ಉಗ್ರಾಣದವನು ನೆಲಕ್ಕೆ ಬಿದ್ದು ಹೊರಳುತ್ತಾನೆ. "ಆಗ್ಲಿ ಸಾರ್," ಎಂದ, ಮುಖವನ್ನು ಸಾಧ್ಯವಾದಷ್ಟು ಮುಗ್ಧವಾಗಿಟ್ಟುಕೊಂಡು.

ಸಾಹೇಬರು ನಂಬರು ಒತ್ತಿ ರಿಸೀವರನ್ನು ಕೊಟ್ಟರು. ಅತ್ತ ಗಂಟೆ ಬಾರಿಸಿತು, ನಿಂತಿತು. ಅವನು ಕೆಳತುಟಿ ಚಾಚಿದ, ಹುಬ್ಬು ಎತ್ತಿದ, ಹ್ಹರ್ರ್ ಎಂದ. "ಅತ್ತಿಗೇ! ಊಟ ಆಯ್ತಾ? ಊಟಾ!" ಅಷ್ಟು ಚೆನ್ನಾಗಿ ಅವನಿಗೆ ಯಾವತ್ತೂ ಬಂದಿರಲಿಲ್ಲ. ಎದುರಿಗಿದ್ದ ಸಾಹೇಬರು ತಮ್ಮ ಗಂಟಲನ್ನು ಮುಟ್ಟಿ ನೋಡಿಕೊಂಡರು. ಗೋಡೆಯಾಚೆ ಒಂದು ಕುರ್ಚಿ ಗಕ್ಕನೆ ಎಳೆದ ಸದ್ದಾಯಿತು.

"ಆಯ್ತು ಮಗೂ," ಎಂದಿತು ಅತ್ತಲಿನ ದನಿ. ಒಣಗಿದ ಎಲೆಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದರೆ ಬರುವಂಥ ದನಿ. "ಬಂದ್ಯಾ ಊರಿಂದ? ಹೆತ್ತವಳು ಇದ್ದಾಳೋ ಹೋದಳೋ ಅಂತ ನಡುವೆ ಒಂದು ಸಲ ವಿಚಾರಿಸ್ಬಾರ್ದೇನೋ? ಅದೆಂಥ ಊರೋ, ಫೋನಿಲ್ಲದ್ದು!"

ಹೆತ್ತವಳು. ಅವನ ತುಟಿ ಚಾಚಿದ್ದು ಚಾಚಿದ ಹಾಗೆಯೇ ಉಳಿಯಿತು. ಸಾಹೇಬರು ಅವನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಏನು ಕಂಡರೋ, ನಿಧಾನವಾಗಿ ಒಂದು ಚೀಟಿ ಬರೆದು ತಳ್ಳಿದರು: 'ಅಮ್ಮ. ತುಂಬಿದ ಮನೆ, ನಾಲ್ಕು ಜನ ಚಿಕ್ಕಪ್ಪಂದಿರು. ಎಲ್ಲರೂ ಅತ್ತಿಗೆ ಅನ್ನುತ್ತಿದ್ದರು. ನನಗೂ ಅದೇ ಬಾಯಿಗೆ ಬಂತು.' ಅದರ ಕೆಳಗೆ ಇನ್ನೊಂದು ಸಾಲು: 'ತಂಗಿಯ ಮನೆಯಲ್ಲಿದ್ದಾರೆ. ತಂಗಿ ಹಗಲು ಇರುವುದಿಲ್ಲ. ಅಪ್ಪ ಆಪರೇಷನ್ನಿಗೆ ಹೋಗಿ ಮತ್ತೆ ಬರಲಿಲ್ಲ. ಹೆದರುತ್ತಾರೆ.'

ಅವನಿಗೆ ಉಗ್ರಾಣದವನ ಹಳೆಯ ನಗು ಕೇಳಿಸಿತು, ಕೌಂಟರಿನಾಕೆಯ 'ಥೂ, ಹೋಗೋ' ಕೇಳಿಸಿತು. ಹರಾಜಿನ ದಿನ ಮುರುಕು ಕುರ್ಚಿಯ ಮೇಲೆ ಹತ್ತಿ ನಿಂತು, ಬೇರೆ ವಿಭಾಗದವರನ್ನೂ ಕರೆದು ಕೂರಿಸಿಕೊಂಡು ಮಾಡಿದ್ದು ನೆನಪಾಯಿತು. ಅವತ್ತು ಈ ಬಾಗಿಲು ಅರ್ಧ ತೆರೆದೇ ಇತ್ತಲ್ಲವೇ? ಅವನ ಸ್ವಂತ ತಾಯಿಯನ್ನು ಆಕೆಯ ತಂಗಿಯ ಮಕ್ಕಳೆಲ್ಲ ದೊಡ್ಡಮ್ಮ ಎಂದು ಕರೆದೂ ಕರೆದೂ, ಇವನೂ ಶಾಲೆಗೆ ಹೋಗುವವರೆಗೆ ದೊಡ್ಡಮ್ಮ ಎನ್ನುತ್ತಿದ್ದನಂತೆ. ಮೇಷ್ಟರ ಮುಂದೆ ಹಾಗಂದು ನಗೆಪಾಟಲಾದ ಮೇಲೆ ಬಿಟ್ಟಿದ್ದ. ಬಿಟ್ಟವನಿಗೆ ಬಿಡದವನನ್ನು ಕಂಡು ಹೊಳೆಯಬೇಕಿತ್ತು. ಕಿವಿ ಎಷ್ಟು ಚುರುಕಾದರೇನು, ಅದರ ಹಿಂದಿದ್ದ ತಲೆಗೆ ಬೇಕಾದದ್ದು ನಗು ಮಾತ್ರ.

"ಕೇಳಿಸ್ತಿದ್ಯೇನೋ?" ಎಂದಿತು ದನಿ.

"ಹೂಂ! ಕೇಳಿಸ್ತಿದೆ! ಮಂಡಿ ಹೇಗಿದೆ? ಮಂಡೀ!"

"ಮಂಡಿಗೇನು, ನನಗಿಂತ ಮೊದಲೇ ಸ್ವರ್ಗಕ್ಕೆ ಹೋಗಿ ಜಾಗ ಹಿಡಿದಿದೆ. ಎಣ್ಣೆ ಇದೆ, ತಿಕ್ಕೋರು ಬೇಕಲ್ಲ. ನಿನ್ನ ತಂಗಿ ಬರೋವಷ್ಟರಲ್ಲಿ ಅವಳ ಕಾಲೇ ತಿಕ್ಕೋ ಹಾಗಿರುತ್ತೆ."

ಸಾಹೇಬರು ಏನಂತೆ ಎಂದು ಹುಬ್ಬು ಕುಣಿಸಿದರು. ಅವನು ಒಂದು ಕೈಯಿಂದ ಮಂಡಿಗೆ ಎಣ್ಣೆ ತಿಕ್ಕುವ ಅಭಿನಯ ಮಾಡಿದ. ಸಾಹೇಬರಿಗೆ ತಕ್ಷಣ ಅರ್ಥವಾಯಿತು; ಪೆನ್ಸಿಲು ಹಿಡಿದರು, ಬರೆದರು, ತಳ್ಳುವ ಮುಂಚೆ ಅರೆಗಳಿಗೆ ಅವನ ಕಣ್ಣನ್ನೇ ನೋಡಿದರು.

'ಭಾನುವಾರ ನಾನೇ ಬಂದು ತಿಕ್ಕಿಕೊಡುತ್ತೇನೆ ಎಂದು ಹೇಳಿ. ಈ ಮಾತು ನಿಮಗೆ ಬರುತ್ತದೆ.'

ಅಂದರೆ ಕೊನೆಯ ಸಾಲೂ ಕೇಳಿಸಿತ್ತು. ವರ್ಷಗಟ್ಟಲೆ. ಪ್ಲೈವುಡ್ಡಿನ ಈಚೆ ಕೂತು, ತಾಯಿಗೆ ಮಾಡಿದ ಫೋನಿಟ್ಟು, ಊಟದ ಡಬ್ಬಿ ಬಿಚ್ಚಿ, ಅದನ್ನು ಕೇಳಿಸಿಕೊಂಡೇ ತುತ್ತು ನುಂಗಿದ್ದರು. ಬೈದಿರಲಿಲ್ಲ. ಬೈಯಬೇಕಾದರೆ 'ಅದು ನನ್ನ ಅಮ್ಮ' ಎಂದು ಹೇಳಬೇಕಾಗುತ್ತಿತ್ತು, ಆ ನಗುವಿನ ಮುಂದೆ. ಛತ್ರಿ ತಪ್ಪು ಕಪಾಟಿನಲ್ಲಿದ್ದರೆ, ದಾರದ ಗಂಟು ಸಡಿಲವಾದರೆ, ಎಲ್ಲಕ್ಕೂ ಕಟ್ಟಡ ನಡುಗುವ ಹಾಗೆ ಕೂಗುತ್ತಿದ್ದ ಮನುಷ್ಯ ಇದೊಂದಕ್ಕೆ ಕೂಗಿರಲಿಲ್ಲ. ಅವನ ಕಿವಿ ಕಾದವು. ಹೊಸದಾಗಿ ಹೊಲಿದ ಗುಂಡಿ ಕುತ್ತಿಗೆಯನ್ನು ಒತ್ತುತ್ತಿತ್ತು.

ಹೇಳಬೇಕು. ಬರುತ್ತದೆ. ಬೆಣ್ಣೆ ಕರಗಿಸದೆ, ಕಣ್ಣು ಮಿಟುಕಿಸದೆ ಅದನ್ನು ಹೇಳುವುದು ಹೇಗೆಂದು ಮಾತ್ರ ಅವನು ಅಭ್ಯಾಸ ಮಾಡಿರಲಿಲ್ಲ. ಹ್ಹರ್ರ್ ಎನ್ನಲು ಹೋದ, ಬರಲಿಲ್ಲ. ಕೂಗಲು ಹೋದ, ಅದೂ ಬರಲಿಲ್ಲ. ಕೊನೆಗೆ ಹೊರಬಿದ್ದದ್ದು ಸಾಹೇಬರ ದನಿಯೇ, ಆದರೆ ಯಾರೂ ಎಂದೂ ಕೇಳಿರದಷ್ಟು ಮೆತ್ತಗೆ, ಬೆಳಿಗ್ಗೆ ನಿವೃತ್ತರಿಗೆ ಗಾಬರಿ ಹುಟ್ಟಿಸಿದ ಅದೇ ಉಪ್ಪಿಲ್ಲದ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ: "ಭಾನುವಾರ ನಾನೇ ಬಂದು ತಿಕ್ಕಿಕೊಡ್ತೀನಿ, ಅತ್ತಿಗೆ."

ಸಾಹೇಬರು ಗಾಬರಿಯಿಂದ ಚೀಟಿ ಗೀಚಿದರು: 'ಜೋರಾಗಿ! ಕೇಳಿಸುವುದಿಲ್ಲ!!'

"ಭಾನುವಾರ ಬೇಡ ಮಗೂ, ಮಳೆ ಬರೋ ಹಾಗಿದೆ," ಎಂದುಬಿಟ್ಟಿತು ಆ ದನಿ.

ತಂತಿಯ ಎರಡೂ ತುದಿಯಲ್ಲಿ ಬೆರಗು. ಪಿಸುಮಾತಿಗಿಂತ ತುಸುವೇ ದೊಡ್ಡದಾದ ತನ್ನ ಮಾತು ಕಿವಿ ಮಂದದ ಮುದುಕಿಗೆ ಹೇಗೆ ಕೇಳಿಸಿತೆಂದು ಅವನು. ಎಷ್ಟೋ ವರ್ಷದಿಂದ ಮೆತ್ತಗೆ ಮಾತಾಡದ ಮಗನಿಗೆ ಇದೇನಾಯಿತೆಂದು ಅವಳು. ಮೊದಲು ಚೇತರಿಸಿಕೊಂಡವಳು ಅವಳೇ.

"ನೀನ್ಯಾರಪ್ಪಾ?" ಎಂದಳು.

ಅವನು ಸಾಹೇಬರನ್ನು ನೋಡಿದ. ಸಾಹೇಬರು ಪೆನ್ಸಿಲು ಹಿಡಿದು ಕಾಯುತ್ತಿದ್ದರು.

"ಅವನು ಎದುರಿಗೇ ಕೂತಿದ್ದಾನಾ? ಹೂಂ ಅನ್ನು ಸಾಕು."

"ಹೂಂ!" ಎಂದ ಅವನು, ಸಾಹೇಬರ ಹೂಂ.

"ಗಂಟಲಾ?"

"ಹೂಂ!"

"ಅಂದ್ಕೊಂಡಿದ್ದೆ. ಹೋದ ವರ್ಷ ಎಲೆ ಉದುರೋ ಹೊತ್ತಿಗೇ ಒಂದು ಕರಕರ ಶುರುವಾಗಿತ್ತು. ತೋರಿಸ್ಕೋ ಅಂದ್ರೆ, ನಿಮಗೆ ಕಿವಿ ಕೇಳ್ಸಲ್ಲ, ಹಾಗನ್ಸುತ್ತೆ ಅಂತ ನನಗೇ ಹೇಳ್ದ. ಕೆಟ್ಟದ್ದೇನಪ್ಪಾ?"

"ಉಹೂಂ! ಉಹೂಂ!" ಎಂದ ಅವನು, ಎರಡೆರಡು ಸಲ. ಆ ಕರಕರವನ್ನು ಕೇಳಿಸಿಕೊಂಡವರು ಲೋಕದಲ್ಲಿ ಇಬ್ಬರಿದ್ದರು ಹಾಗಾದರೆ. ಒಬ್ಬಳು ತೋರಿಸಿಕೋ ಎಂದಿದ್ದಳು.

"ಸದ್ಯ." ಅವಳು ಉಸಿರುಬಿಟ್ಟದ್ದು ಕೇಳಿಸಿತು. "ನೋಡು, ನನಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ಒಂದ್ಸಲ ಏನೋ ಗದ್ದಲದಲ್ಲಿ ಏನಂದೆ ಅಂತ ಕೇಳಿದ್ದಕ್ಕೆ, ಕಿವಿ ಹೋಯ್ತು ಅಂದ್ಕೊಂಡ. ಅವತ್ತಿಂದ ಎಲ್ಲಾನೂ ಎರಡೆರಡು ಸಲ ಹೇಳೋಕೆ ಶುರುಮಾಡ್ದ. ಮುಂಚೆ ಊಟ ಆಯ್ತಾ, ಸರಿ ಇಡ್ಲಾ, ಅಷ್ಟೇ ಇದ್ದದ್ದು. ಮಾತು ಎರಡರಷ್ಟಾಯ್ತಲ್ಲ, ಹೋಗ್ಲಿ ಬಿಡು ಅಂತ ನಾನೂ ಸುಮ್ಮನಾದೆ." ಸ್ವಲ್ಪ ತಡೆದು, ದನಿ ಇನ್ನೂ ಸಣ್ಣದು ಮಾಡಿ ಕೇಳಿದಳು: "ನನಗೋಸ್ಕರ ಕೂಗೀ ಕೂಗೀ ಹಾಳಾಯ್ತೇನಪ್ಪಾ ಅವನ ಗಂಟಲು? ನಿಜ ಹೇಳು."

ಇದಕ್ಕೆ ಹೂಂ ಉಹೂಂ ಸಾಲದು. ನಿಜ ಏನೆಂದು ಅವನಿಗೆ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದದ್ದು ಒಂದೇ, ಆ ಮುದುಕಿ ಫೋನು ಹಿಡಿದು ಉತ್ತರಕ್ಕೆ ಕಾಯುತ್ತಿದ್ದಾಳೆ, ಉತ್ತರ ಸರಿಯಿಲ್ಲದಿದ್ದರೆ ಇವತ್ತಿಂದ ಅವಳಿಗೆ ಊಟ ಸೇರುವುದಿಲ್ಲ. ಅವನು ಕುರ್ಚಿಯಿಂದ ಅರ್ಧ ಎದ್ದ. ಕೆಳತುಟಿ, ಹುಬ್ಬು, ಹ್ಹರ್ರ್, ಎಲ್ಲವೂ ಕರೆದ ಹಾಗೆ ಬಂದವು.

"ಅಲ್ಲ ಅತ್ತಿಗೇ! ನಿಮ್ಮಿಂದಲ್ಲ! ಇಲ್ಲೊಬ್ಬ ಗುಮಾಸ್ತ ಇದ್ದಾನೆ! ಕೋತಿ! ಕೋತಿ ಅಂದೆ! ಒಂದು ದಾರ ನೆಟ್ಟಗೆ ಕಟ್ಟಲ್ಲ, ಹಗಲೆಲ್ಲ ಹಲ್ಲು ಕಿಸೀತಾನೆ! ಅವನ ಮೇಲೆ ಕೂಗೀ ಕೂಗೀ ಸಾಕಾಗಿದೆ! ಅವನೇ! ಅವನಿಂದಲೇ ಎಲ್ಲಾ! ಅಯೋಗ್ಯ!"

ಪ್ರಶ್ನೆ ಏನೆಂದು ಕೇಳಿಸಿರದ ಸಾಹೇಬರು, ಉತ್ತರಕ್ಕೆ ಮಾತ್ರ ಪೂರ್ತಿ ಒಪ್ಪಿಗೆಯಿಂದ ತಲೆಯಾಡಿಸುತ್ತಿದ್ದರು.

ಅತ್ತ ಮುದುಕಿ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. "ಒಳ್ಳೇ ಹುಡುಗ ನೀನು. ಯಾರ ಮಗನೋ," ಎಂದಳು. "ನನಗೆ ಗೊತ್ತಾಯ್ತು ಅಂತ ಅವನಿಗೆ ಹೇಳ್ಬೇಡ. ನನ್ನನ್ನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದಾನೆ, ಅಂದ್ಕೊಂಡಿರ್ಲಿ. ಕಿವಿಗೆ ಮಿಷನ್ನು ಹಾಕಿಸ್ಕೊಂಡೆ, ಇನ್ಮೇಲೆ ಕೂಗೋದು ಬೇಡ ಅಂತ ನಾನಂದೆ ಅನ್ನು. ಮಾತು ಅರ್ಧ ಆಗುತ್ತೆ. ಆಗ್ಲಿ." ಫೋನು ಇಟ್ಟಳು.

ಚೀಟಿ ಆಗಲೇ ಅವನ ಮುಂದಿತ್ತು: 'ನಂಬಿದರಾ?'

"ನಂಬಿದ್ರು ಸಾರ್. ಕಿವಿಗೆ ಮಿಷನ್ ಹಾಕಿಸ್ಕೊಂಡಿದ್ದಾರಂತೆ. ಇನ್ಮೇಲೆ ಮೆಲ್ಲಗೆ ಮಾತಾಡಿದ್ರೂ ಕೇಳ್ಸುತ್ತಂತೆ."

ಸಾಹೇಬರ ಮುಖ ಒಮ್ಮೆ ಅರಳಿ, ಏನೋ ಕಳೆದುಹೋದದ್ದು ನೆನಪಾದವರ ಹಾಗೆ ಹಾಗೆಯೇ ನಿಂತಿತು. ಮಫ್ಲರಿನ ಅಂಚನ್ನು ಎಳೆದುಕೊಂಡರು. ಅವನು ಏನಾದರೂ ಹೇಳಬೇಕಿತ್ತು. "ಸಾರ್, ಆ ಕೊನೇ ಮಾತು..." ಎಂದ. ದನಿ ಅವನದೇ, ಅಭ್ಯಾಸವಿಲ್ಲದೆ ತೊದಲಿತು. ಸಾಹೇಬರು ಕೈಯೆತ್ತಿ ತಡೆದು, ಬರೆದು, ಮೇಜಿನಾಚೆಯಿಂದ ಎರಡು ಚೀಟಿ ಒಟ್ಟಿಗೆ ತಳ್ಳಿದರು. ಒಂದರಲ್ಲಿ 'ನಾಳೆ ಇದೇ ಹೊತ್ತಿಗೆ' ಎಂದಿತ್ತು. ಇನ್ನೊಂದರಲ್ಲಿ, 'ಕೋತಿ ಚೆನ್ನಾಗಿತ್ತು.'

ಹೊರಗೆ ಬಂದರೆ ಇಡೀ ಕಚೇರಿ ಜೀವಮಾನದಲ್ಲಿ ಮಾಡದಷ್ಟು ಕೆಲಸ ಮಾಡುತ್ತಿತ್ತು. ಕೌಂಟರಿನಾಕೆ ಒಂಟಿ ಕೈಗವಸುಗಳನ್ನು ಜೋಡಿ ಮಾಡುತ್ತಿದ್ದಳು. ಉಗ್ರಾಣದವನು ಛತ್ರಿಯ ಧೂಳು ಒರೆಸುತ್ತಿದ್ದ. ಬಾಗಿಲು ಮುಚ್ಚಿದ ಸದ್ದಾದ ಮೇಲೆ ಇಬ್ಬರೂ ಮೆಲ್ಲಗೆ ಬಂದು ಅವನನ್ನು ಸುತ್ತುವರಿದರು.

"ಸಾಹೇಬ್ರಿಗೆ ದನಿ ವಾಪಸ್ ಬಂತಲ್ಲೋ!" ಎಂದ ಉಗ್ರಾಣದವನು. "ಮೊದ್ಲಿಗಿಂತ ಜೋರಾಗಿದೆ!"

"ಬಂದ ತಕ್ಷಣ ಅತ್ತಿಗೆಗೆ ಫೋನು, ನೋಡು," ಎಂದಳು ಕೌಂಟರಿನಾಕೆ. ಆಮೇಲೆ ಅವನ ತೋಳು ಮುಟ್ಟಿ, ಸತ್ತವರ ಮನೆಗೆ ಬಂದವಳ ಹಾಗೆ, "ಆದ್ರೂ ನಿನ್ನನ್ನ ಎದುರಿಗೇ ನಿಲ್ಲಿಸ್ಕೊಂಡು ಅವಳಿಗೆ ಕೇಳೋ ಹಾಗೆ ಕೋತಿ, ಅಯೋಗ್ಯ ಅನ್ನಬಾರ್ದಿತ್ತು ಕಣೋ. ಎಲ್ಲಾ ಕೇಳಿಸ್ತು ನಮಗೆ. ಎಂಥಾ ಮನುಷ್ಯ!"

ಜೀವನದ ಅತ್ಯುತ್ತಮ ಪ್ರದರ್ಶನ ಮುಗಿಸಿ ಬಂದ ಕಲಾವಿದ ತನ್ನ ಪ್ರೇಕ್ಷಕರನ್ನು ನೋಡಿದ. ಅಸಲಿ ಯಾವುದು ನಕಲಿ ಯಾವುದು ಎಂದು ಅವರಿಗೆ ಗೊತ್ತಾಗಿರಲಿಲ್ಲ. ಯಾವ ಕಲಾವಿದನಿಗೂ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಬೈಸಿಕೊಂಡವನೂ ತಾನೇ, ಬೈದವನೂ ತಾನೇ ಎಂದು ಬಾಯಿ ಬಿಟ್ಟರೆ ಹೊಸ ಐಟಂ, ಹಳೆಯದಕ್ಕಿಂತ ಹತ್ತು ಪಾಲು ನಗು. ಗೋಡೆಯಾಚೆ ಊಟದ ಡಬ್ಬಿಯ ಮುಚ್ಚಳ ತೆಗೆದ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಹೋಗ್ಲಿ ಬಿಡೋ," ಎಂದ ಉಗ್ರಾಣದವನು, ಮುರುಕು ಕುರ್ಚಿಯನ್ನು ಅವನ ಮುಂದೆ ಎಳೆದಿಟ್ಟು. "ಸೇಡು ತೀರಿಸ್ಕೋ. ಒಂದ್ಸಲ ಮಾಡು. ಅತ್ತಿಗೆ ಫೋನು."

ಅವನು ಕುತ್ತಿಗೆಯ ಗುಂಡಿ ಬಿಚ್ಚಿಕೊಂಡ.

"ಆಗಲ್ಲ," ಎಂದ. "ಗಂಟಲು ಸರಿಯಿಲ್ಲ."

ಯಾರ ದನಿ ಅದು ಎಂದು ಇಬ್ಬರೂ ಒಂದು ಕ್ಷಣ ಯೋಚಿಸಿದರು. ಆಮೇಲೆ ಉಗ್ರಾಣದವನಿಗೆ ಹೊಳೆದುಬಿಟ್ಟಿತು, ತೊಡೆ ತಟ್ಟಿಕೊಂಡು ನಗತೊಡಗಿದ. "ಸೂಪರ್! ಯಾರೋ ಇದು? ಹೊಸಬ? ನಮ್ಮ ಆಫೀಸಿನವನೇ ಇರ್ಬೇಕು. ಎಲ್ಲೋ ಕೇಳಿದ ಹಾಗಿದೆ, ನೆನಪಾಗ್ತಿಲ್ಲ!"